ನನ್ನ ಕೋಡಿಂಗ್ ಅಸಿಸ್ಟೆಂಟ್‌ಗೆ ಕ್ಯಾಲೆಂಡರ್ ಕೊಟ್ಟ ಅನುಭವ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಇಬ್ಬರೇ ಇರುವ ಸಣ್ಣ ಆಫೀಸು. ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್ ಬರೆಯುವ ಕೆಲಸದಲ್ಲಿ ಜಾಸ್ತಿ ಪಾಲು ಈಗ ಎಐ ಅಸಿಸ್ಟೆಂಟ್‌ದು. ಅದು ಟರ್ಮಿನಲ್‌ನಲ್ಲೇ, ಅಂದರೆ ಕಂಪ್ಯೂಟರ್‌ಗೆ ಟೈಪ್ ಮಾಡಿ ಆದೇಶ ಕೊಡುವ ಕಿಟಕಿಯಲ್ಲೇ ಇರುತ್ತದೆ. ಫೈಲ್ ಓದುತ್ತದೆ, ತಿದ್ದುತ್ತದೆ, ಟೆಸ್ಟ್ ಮಾಡಿ ತೋರಿಸುತ್ತದೆ.

ಪ್ಲಾನ್ ಮಾಡು ಅಂದರೆ ಪ್ಲಾನನ್ನೂ ಕೊಡುತ್ತಿತ್ತು. ಮೊದಲ ವಾರ ಇದು, ಎರಡನೇ ವಾರ ಅದು ಅಂತ. ಆದರೆ ಯಾವ ವಾರ? ಆ ವಾರದಲ್ಲಿ 11ನೇ ತಾರೀಖು ಬಂದರೆ ಅಂಗಡಿಯವರೆಲ್ಲ ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ಜಿಎಸ್‌ಟಿ ಲೆಕ್ಕ ಹಾಕುವ ಗಡಿಬಿಡಿಯಲ್ಲಿರುತ್ತಾರೆ. 20 ಬಂದರೆ ಜಿಎಸ್‌ಟಿಆರ್-3ಬಿ, ತೆರಿಗೆ ಕಟ್ಟುವ ಲೆಕ್ಕ. ಆ ದಿನಗಳಲ್ಲಿ ನಮ್ಮ ಫೋನ್ ಕೆಳಗಿಡೋಕೆ ಆಗುವುದಿಲ್ಲ. ಇದ್ಯಾವುದೂ ಅಸಿಸ್ಟೆಂಟ್‌ಗೆ ಗೊತ್ತಿಲ್ಲ. ಅಷ್ಟೇ ಯಾಕೆ, ಇವತ್ತು ಯಾವ ತಾರೀಖು ಅನ್ನೋದನ್ನೂ ಅದರೊಳಗಿನ ಎಐ ಮಾಡೆಲ್‌ಗೆ ಹೊರಗಿನಿಂದ ಯಾರಾದರೂ ಹೇಳಬೇಕು. ಹೇಳಿದ ಮೇಲೂ, "ಶುಕ್ರವಾರದಿಂದ ಹತ್ತು ಕೆಲಸದ ದಿನ" ಎಣಿಸು ಅಂತ ಅದಕ್ಕೇ ಬಿಟ್ಟರೆ ಒಮ್ಮೊಮ್ಮೆ ಒಂದು ದಿನ ಆಚೀಚೆ ಆಗುತ್ತದೆ.

2025ರ ಆಗಸ್ಟ್‌ನಲ್ಲಿ ಇದನ್ನು ಸರಿಮಾಡಲೇಬೇಕು ಅಂತ ಕೂತೆ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಅಂದರೆ ಎಂಸಿಪಿಯನ್ನು ಹೊರತಂದಿತ್ತು. ಅಸಿಸ್ಟೆಂಟ್‌ಗೆ ಹೊರಗಿನ ಟೂಲ್ ಜೋಡಿಸಲು ಅದೊಂದು ಒಪ್ಪಿತ ದಾರಿ. ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಎಂಸಿಪಿ ಸರ್ವರ್ ಬರೆದೆ. ಕ್ಯಾಲೆಂಡರ್‌ಗೆ ಆಫೀಸಿನ ಹಳೇ ಕಂಪ್ಯೂಟರ್‌ನಲ್ಲಿ ರಾಡಿಕೇಲ್ ಹಾಕಿದೆ. ಅದು ಕ್ಯಾಲ್‌ಡ್ಯಾವ್, ಅಂದರೆ ಕ್ಯಾಲೆಂಡರ್ ಹಂಚಿಕೊಳ್ಳುವ ಒಪ್ಪಿತ ಭಾಷೆ ಮಾತಾಡುವ ಪುಟ್ಟ ಸರ್ವರ್. ಫೋನಿನ ಕ್ಯಾಲೆಂಡರ್ ಕೂಡ ಅದಕ್ಕೇ ಜೋಡಿಕೊಂಡಿತು.

ಮೊದಲೇ ಒಂದು ಗೆರೆ ಹಾಕಿಕೊಂಡೆ. ತಾರೀಖಿನ ಲೆಕ್ಕ ಮಾಡೆಲ್ ಮಾಡಬಾರದು, ನನ್ನ ಕೋಡ್ ಮಾಡಬೇಕು. ಯಾವ ಕೆಲಸ ಮೊದಲು, ಯಾವುದು ಯಾವುದಕ್ಕೆ ಕಾಯಬೇಕು, ಎಷ್ಟು ಹೊತ್ತು ಬೇಕು ಅನ್ನೋದನ್ನು ಮಾಡೆಲ್ ಹೇಳಲಿ. ಖಾಲಿ ಜಾಗ ಹುಡುಕಿ ಕೂರಿಸುವುದು ಪೈಥಾನ್‌ಗೆ ಬಿಟ್ಟ ಕೆಲಸ. ಹಾಗೆ ಕೂರಿಸಿದ್ದನ್ನು ನನಗೆ ತೋರಿಸಬೇಕು. ನಾನು ಹೂಂ ಅಂದ ಮೇಲೆಯೇ ಕ್ಯಾಲೆಂಡರ್‌ಗೆ ಬರೆಯಬೇಕು.

ನನ್ನ ಸ್ವಂತ ಕ್ಯಾಲೆಂಡರ್‌ನಿಂದ ಅದಕ್ಕೆ ಸಿಗುವುದು ಖಾಲಿಯೋ ಇಲ್ಲವೋ ಅನ್ನೋದು ಮಾತ್ರ. ಹೆಸರು, ವಿವರ ಏನೂ ಇಲ್ಲ. ಡಾಕ್ಟರ ಹತ್ತಿರ ಹೋಗುವುದು ನನ್ನ ವಿಷಯ, ಅದು ಮಾಡೆಲ್‌ಗೆ ಯಾಕೆ? ಇನ್ನೊಂದು ಕಾರಣವೂ ಇದೆ. ಮೀಟಿಂಗ್‌ಗೆ ಕರೆಯುವ ಆಮಂತ್ರಣವನ್ನು ಯಾರು ಬೇಕಾದರೂ ಕಳಿಸಬಹುದು. ಅದರ ವಿವರದಲ್ಲಿ "ಈ ಫೈಲ್ ಅಳಿಸು" ಅಂತ ಯಾರೋ ಬರೆದಿಟ್ಟರೆ, ಅದನ್ನು ಓದಿದ ಅಸಿಸ್ಟೆಂಟ್ ಅಪ್ಪಣೆ ಅಂತಲೇ ತಿಳಿಯಬಹುದು. ಕೋಡ್ ತಿದ್ದುವ ಅಧಿಕಾರ ಇರುವವನ ಕೈಗೆ ಗೊತ್ತಿಲ್ಲದವರ ಮಾತು ತಲುಪಿಸುವುದು ಬೇಡ. ಅದು ಬರೆಯಲು "ಕೋಡ್ ಪ್ಲಾನ್" ಅಂತ ಬೇರೆಯೇ ಕ್ಯಾಲೆಂಡರ್ ಕೊಟ್ಟೆ.

ಮೊದಲ ದಿನವೇ ಎಡವಟ್ಟಾಯಿತು. ಬೆಳಗ್ಗೆ 9ಕ್ಕೆ ಹಾಕಿದ ಬ್ಲಾಕ್, ಅಂದರೆ ಕೆಲಸಕ್ಕೆ ಕಾದಿಟ್ಟ ಸಮಯ, ಫೋನಿನಲ್ಲಿ ಮಧ್ಯಾಹ್ನ 2.30ಕ್ಕೆ ಕೂತಿತ್ತು. ಐದೂವರೆ ಗಂಟೆ ವ್ಯತ್ಯಾಸ ಅಂದ ತಕ್ಷಣ ಕಾರಣ ಹೊಳೆಯುತ್ತದೆ, ಅಲ್ವಾ? ಕ್ಯಾಲೆಂಡರ್‌ಗಳು ಕಾರ್ಯಕ್ರಮ ಬರೆದಿಡುವ ಐಕ್ಯಾಲೆಂಡರ್ ಬರವಣಿಗೆಯಲ್ಲಿ ಸಮಯದ ಕೊನೆಗೆ ಝಡ್ ಅಕ್ಷರ ಬಂದರೆ ಅದು ಯುಟಿಸಿ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ. ಮಾಡೆಲ್ ಅಭ್ಯಾಸದಿಂದ ಝಡ್ ಸೇರಿಸಿ ಕಳಿಸಿತ್ತು. ಈಗ ನನ್ನ ಟೂಲ್ ಝಡ್ ಇರುವ ಸಮಯ ಬಂದರೆ ತಿರುಗಿಸಿ ಕಳಿಸುತ್ತದೆ. ಬರೀ ಗಂಟೆ, ನಿಮಿಷ ತೆಗೆದುಕೊಂಡು ಭಾರತದ ಸಮಯ ಅಂತ ಹೇಳುವ ಏಷ್ಯಾ/ಕೋಲ್ಕತಾ ಅನ್ನೋದನ್ನು ತಾನೇ ಸೇರಿಸುತ್ತದೆ.

ಇಷ್ಟು ಆಗುವ ಹೊತ್ತಿಗೆ ನಿಜವಾದ ಪರೀಕ್ಷೆ ಎದುರಿಗೆ ಬಂತು. ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ದರಗಳ ಬದಲಾವಣೆ ಪ್ರಕಟವಾಯಿತು. ಶೇಕಡಾ 12 ಮತ್ತು 28ರ ಸ್ಲ್ಯಾಬ್‌ಗಳಲ್ಲಿದ್ದ ಬಹುಪಾಲು ಸಾಮಾನು 5ಕ್ಕೋ 18ಕ್ಕೋ ಇಳಿಯಬೇಕು. ಜಾರಿ ಸೆಪ್ಟೆಂಬರ್ 22, ಸೋಮವಾರ. ಮೈಸೂರಿನಲ್ಲಿ ಅವತ್ತೇ ದಸರಾ ಶುರು. ಅಂಗಡಿಗಳಿಗೆ ವರ್ಷದ ದೊಡ್ಡ ವ್ಯಾಪಾರದ ಮೊದಲ ದಿನ. ನಮಗೆ ಉಳಿದದ್ದು ಮೂರು ವಾರಕ್ಕೂ ಕಮ್ಮಿ.

ಅಸಿಸ್ಟೆಂಟ್ ಕೆಲಸವನ್ನು ಹದಿನಾಲ್ಕು ತುಂಡು ಮಾಡಿತು. ಒಂದೊಂದಕ್ಕೆ ಒಂದು ದಿನ, ಎರಡು ದಿನ ಅಂತ ಸಮಯ ಹಾಕಿತು. ಇಲ್ಲೇ ನನಗೆ ಈ ಇಡೀ ವಿಷಯ ಅರ್ಥವಾದದ್ದು. ಅದು ಹಾಕಿದ ಸಮಯ ಒಬ್ಬ ಮನುಷ್ಯ ಕೂತು ಟೈಪ್ ಮಾಡುವ ಲೆಕ್ಕದ್ದು. ನಿಜದಲ್ಲಿ ಮೊದಲ ಕೆಲಸವನ್ನು ಅದು ಹನ್ನೆರಡು ನಿಮಿಷದಲ್ಲಿ ಮುಗಿಸಿತು. ಅದನ್ನು ಓದಿ, ಪರೀಕ್ಷಿಸಿ, ಒಪ್ಪಿಕೊಳ್ಳಲು ನನಗೆ ಹಿಡಿದದ್ದು ಒಂದೂವರೆ ಗಂಟೆ.

ಆ ಒಂದೂವರೆ ಗಂಟೆ ಹೇಗೆ ಹೋಯಿತು ಅಂತ ಹೇಳಬೇಕು. ಅಸಿಸ್ಟೆಂಟ್ ಸಾಮಾನಿನ ಪಟ್ಟಿಯಲ್ಲೇ ದರ ಬದಲಿಸಿತ್ತು. ತುಪ್ಪ 12 ಇದ್ದದ್ದು 5 ಆಯಿತು. ಟೆಸ್ಟ್‌ಗಳೆಲ್ಲ ಹಸಿರು, ಅಂದರೆ ಪಾಸ್. ನಾನು ಸುಮ್ನೆ ಆಗಸ್ಟ್‌ನ ಒಂದು ತುಪ್ಪದ ಬಿಲ್ ತೆಗೆದು ಮತ್ತೆ ಪ್ರಿಂಟ್ ಕೊಟ್ಟೆ. ಅದರಲ್ಲೂ 5 ಬಂತು. ಅಂಗಡಿಯವರು ಆಗಸ್ಟ್‌ನಲ್ಲಿ 12 ವಸೂಲಿ ಮಾಡಿದ್ದಾರೆ, 12 ಕಟ್ಟಬೇಕು. ಬಿಲ್‌ನಲ್ಲಿ 5 ಅಂತ ಇದ್ದರೆ ಅವರ ಲೆಕ್ಕವೇ ಕೆಟ್ಟಿತು. ದರ ಇರಬೇಕಾದದ್ದು ಸಾಮಾನಿನ ಜೊತೆ ಅಲ್ಲ, ಸಾಮಾನು ಮತ್ತು ತಾರೀಖು ಎರಡರ ಜೊತೆ. ಎಂದಿನಿಂದ ಎಷ್ಟು ಅನ್ನೋ ಬೇರೆ ಪಟ್ಟಿ ಬೇಕು. ಅದನ್ನು ಮಾಡಿಸಿದೆ. ಸಮಾಧಾನವಾಗಿ ಓದುವ ಸಮಯ ಇಲ್ಲದಿದ್ದರೆ ಇದು ಅಂಗಡಿಗಳಿಗೆ ಹಾಗೇ ಹೋಗುತ್ತಿತ್ತು.

ಹಾಗಾಗಿ ಟೂಲ್‌ನ ಲೆಕ್ಕವನ್ನೇ ಬದಲಿಸಿದೆ. ಕೋಡ್ ಬರೆಯುವ ಸಮಯಕ್ಕೆ ಕ್ಯಾಲೆಂಡರ್‌ನಲ್ಲಿ ಜಾಗವೇ ಇಲ್ಲ. ನಾನು ಓದುವ ಸಮಯಕ್ಕೆ ಮಾತ್ರ ಬ್ಲಾಕ್. ಒಂದು ಬ್ಲಾಕ್ 90 ನಿಮಿಷ, ದಿನಕ್ಕೆ ಎರಡೇ, ಒಂದು ಬೆಳಗ್ಗೆ, ಒಂದು ಸಂಜೆ ನಾಲ್ಕರ ಮೇಲೆ. ಅಸಿಸ್ಟೆಂಟ್ ರಾತ್ರಿ ಹತ್ತು ಕೆಲಸ ಮುಗಿಸಿಟ್ಟರೂ ಮಾರನೇ ದಿನ ನನ್ನ ಮುಂದೆ ಬರುವುದು ಎರಡೇ. ನೀವು ಇಂಥದ್ದು ಮಾಡುವುದಾದರೆ ಇದೊಂದನ್ನು ದಯವಿಟ್ಟು ಬಿಡಬೇಡಿ. ಅಸಿಸ್ಟೆಂಟ್‌ನ ಸಮಯ ಅಗ್ಗ. ಕಣ್ಣಿಟ್ಟು ಓದುವ ನಿಮ್ಮ ಸಮಯವೇ ಕಮ್ಮಿ ಇರುವುದು.

ಹೀಗೆ ಕೂರಿಸಿದಾಗ ಕೊನೆಯ ಎರಡು ಬ್ಲಾಕ್ 21ನೇ ತಾರೀಖು ಭಾನುವಾರಕ್ಕೆ ಬಿದ್ದವು. ಭಾನುವಾರ ಆದರೂ ಪರವಾಗಿಲ್ಲ ಅಂತ ಹೂಂ ಅಂದೆ. ಎರಡು ದಿನ ಬಿಟ್ಟು ಅವ್ವ ಫೋನ್ ಮಾಡಿದಳು. "ಅಮಾಸೆಗೆ ಬತ್ತೀಯಲ್ಲಪ್ಪಾ? ಶನಿವಾರ ಸಂಜೆನೇ ಬಂದ್ಬುಡು." 21 ಮಹಾಲಯ ಅಮಾವಾಸ್ಯೆ. ಪಾಂಡವಪುರದ ಹತ್ತಿರ ನಮ್ಮೂರು. ಅವತ್ತು ಹಿರಿಯರಿಗೆ ಎಡೆ ಇಡುವ ದಿನ, ಮನೆಮಂದಿಯೆಲ್ಲ ಸೇರಲೇಬೇಕು. ಕ್ಯಾಲೆಂಡರ್‌ನಲ್ಲಿ ಬರೆಯದ ದಿನ ಯಂತ್ರಕ್ಕೆ ಖಾಲಿ ದಿನ. ಬರೆದಿರಬೇಕಾದವನು ನಾನು.

ನಮ್ಮ ಹಬ್ಬಗಳನ್ನು ಒಮ್ಮೆ ಹಾಕಿ "ಪ್ರತಿ ವರ್ಷ" ಅಂತ ಬಿಡೋಕೂ ಆಗುವುದಿಲ್ಲ. ಐಕ್ಯಾಲೆಂಡರ್‌ನ ಮಾಮೂಲಿ ಮರುಕಳಿಕೆ ನಿಯಮ ಇಂಗ್ಲಿಷ್ ತಾರೀಖಿನದು, ಅಮಾವಾಸ್ಯೆ ನಡೆಯುವುದು ತಿಥಿಯ ಮೇಲೆ. ಹಾಗಾಗಿ ಪಂಚಾಂಗ ಎದುರಿಗಿಟ್ಟುಕೊಂಡು ಒಂದೊಂದೇ ದಿನ ಕೈಯಲ್ಲೇ ಹಾಕಿದೆ. ದಸರೆಯನ್ನೂ ಹಾಕಿದೆ, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2. ಆದರೂ ಅಸಿಸ್ಟೆಂಟ್ ಅಕ್ಟೋಬರ್ 2ಕ್ಕೆ ಸಯ್ಯಾಜಿರಾವ್ ರಸ್ತೆಯ ಒಂದು ಅಂಗಡಿಗೆ ಭೇಟಿ ಸೂಚಿಸಿತು. ಜಂಬೂಸವಾರಿ ಹೋಗುವ ರಸ್ತೆ, ಜಂಬೂಸವಾರಿಯ ದಿನ! ಹುಡುಕಿದರೆ ತಪ್ಪು ನನ್ನ ಫೈಲ್‌ನಲ್ಲೇ ಇತ್ತು. ಇಡೀ ದಿನದ ಕಾರ್ಯಕ್ರಮಕ್ಕೆ ಮುಗಿಯುವ ತಾರೀಖು ಅಂತ ಕೊಡುವ ದಿನ ಲೆಕ್ಕಕ್ಕೆ ಸೇರುವುದಿಲ್ಲ. 2ರ ತನಕ ಬೇಕಿದ್ದರೆ 3 ಅಂತ ಬರೆಯಬೇಕು. ನಾನು 2 ಬರೆದಿದ್ದೆ, ವಿಜಯದಶಮಿ ಖಾಲಿ ಬಿದ್ದಿತ್ತು.

ದರಗಳ ಅಧಿಸೂಚನೆ ಬಂದದ್ದು 17ಕ್ಕೆ, ಬುಧವಾರ. ಸಾಮಾನಿನ ದರಗಳನ್ನು ಒಂದೊಂದಾಗಿ ತಾಳೆ ನೋಡುವ ಕೆಲಸ ಅದಕ್ಕಿಂತ ಮುಂಚೆ ಆಗುವಂಥದ್ದಲ್ಲ. ಪ್ಲಾನ್ ಮತ್ತೆ ಜೋಡಿಸಬೇಕಾಯಿತು. ಆಗಸ್ಟ್‌ನಲ್ಲಿ ಹೀಗೆ ಮರುಜೋಡಣೆ ಮಾಡಿದಾಗಲೆಲ್ಲ ಹಳೇ ಬ್ಲಾಕ್ ಉಳಿದು ಹೊಸದೂ ಸೇರಿ ಕ್ಯಾಲೆಂಡರ್ ತುಂಬಿಹೋಗುತ್ತಿತ್ತು. ಆಮೇಲೆ ಪ್ರಾಜೆಕ್ಟ್‌ನ ಪ್ಲಾನ್ ಫೈಲ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದು ಗುರುತು ಕೊಟ್ಟು, ಅದನ್ನೇ ಕ್ಯಾಲೆಂಡರ್‌ನ ಯುಐಡಿ, ಅಂದರೆ ಪ್ರತಿ ಬ್ಲಾಕ್‌ನ ಗುರುತು, ಮಾಡಿದೆ. ಯುಐಡಿ ಒಂದೇ ಆದರೆ ಬ್ಲಾಕ್ ಜಾಗ ಬದಲಿಸುತ್ತದೆ, ಎರಡಾಗುವುದಿಲ್ಲ. 17ರ ಸಂಜೆ ಉಳಿದ ಐದು ಕೆಲಸ ಗುರುವಾರ, ಶುಕ್ರವಾರ, ಶನಿವಾರಕ್ಕೆ ಬಂದು ಕೂತವು. ಮೂರು ದಿನಕ್ಕೆ ಇದ್ದದ್ದು ಆರು ಬ್ಲಾಕ್, ಅದರಲ್ಲಿ ಶನಿವಾರ ಸಂಜೆಯದು ಊರಿನ ದಾರಿಗೆ. ಒಂದೂ ಮಿಕ್ಕಲಿಲ್ಲ.

ಶನಿವಾರ 3ಬಿಯ ಕೊನೆಯ ದಿನ, ಫೋನ್ ಬರುತ್ತಲೇ ಇತ್ತು. ಕೊನೆಯ ಕೆಲಸವನ್ನು ಓದಿ ಮುಗಿಸಿದಾಗ ಮಧ್ಯಾಹ್ನ ಮೂರು ದಾಟಿತ್ತು. ಸಂಜೆ ಬಸ್ ಹತ್ತಿದೆ. ಭಾನುವಾರ ಫೋನಿನ "ಕೋಡ್ ಪ್ಲಾನ್" ಕ್ಯಾಲೆಂಡರ್ ಖಾಲಿ ಇತ್ತು. ಸೋಮವಾರ ಬೆಳಗ್ಗೆ ಒಬ್ಬರು ಅಂಗಡಿಯವರು ತುಪ್ಪದ ಮೊದಲ ಬಿಲ್‌ನ ಫೋಟೋ ಕಳಿಸಿದರು, 5 ಅಂತ ಇತ್ತು. ನಾನು ಅವರಿಗೆ ಆಗಸ್ಟ್‌ನ ಒಂದು ಬಿಲ್ ಮತ್ತೆ ತೆಗೆದು ನೋಡಿ ಅಂತ ಕೇಳಿಕೊಂಡೆ. ಅದರಲ್ಲಿ 12 ಬಂತು.

ಈಗ ಉಳಿದಿರುವ ಕೆಲಸ ನನ್ನ ಜೊತೆಗಾರನ ಕ್ಯಾಲೆಂಡರ್ ಸೇರಿಸುವುದು. ನಾನು ಓದಿದ್ದನ್ನು ಅವನೂ ಒಮ್ಮೆ ಓದಬೇಕು, ಅವನು ಓದಿದ್ದನ್ನು ನಾನು. ಇಬ್ಬರ ಬ್ಲಾಕ್ ಹಿಂದೆಮುಂದೆ ಸರಿಯಾಗಿ ಬರುವ ಹಾಗೆ ಕೂರಿಸುವ ಕೋಡ್ ಅರ್ಧ ಆಗಿದೆ. ಅದನ್ನು ಓದೋಕೆ ನಾಳೆ ಬೆಳಗ್ಗೆಯ ಬ್ಲಾಕ್ ಇಟ್ಟುಕೊಂಡಿದ್ದೇನೆ.