‘ನೆಕ್ಟರ್’ ಅನ್ನು ಕನ್ನಡಕ್ಕೆ ತರುವಾಗ: ಕುಡಿಯುವವರು ಯಾರು ನೋಡಿ

ನಿಘಂಟಿನಲ್ಲಿ ನೆಕ್ಟರ್‌ಗೆ ಅಮೃತ, ಸುಧೆ, ಮಕರಂದ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಮೊದಲು ಕಂಡದ್ದನ್ನೇ ಎತ್ತಿಕೊಂಡರೆ ‘ಜೇನ್ನೊಣ ಅಮೃತ ಹೀರಿತು’ ಎಂಬಂಥ ವಾಕ್ಯ ಹುಟ್ಟುತ್ತದೆ. ಹಾಗಾಗಿ ಪದ ಆರಿಸುವ ಮುನ್ನ ಅದನ್ನು ಕುಡಿಯುತ್ತಿರುವವರು ಯಾರು ಎಂದು ನೋಡಿ: ದೇವತೆಯೋ, ದುಂಬಿಯೋ, ಅಂಗಡಿಯ ಗಿರಾಕಿಯೋ.

ಕುಡಿಯುವವರು ಗ್ರೀಕ್ ದೇವತೆಗಳಾದರೆ ‘ನೆಕ್ಟರ್’ ಎಂದೇ ಬರೆದು, ಮೊದಲ ಸಲ ‘ದೇವತೆಗಳ ಪಾನೀಯ’ ಎಂದು ಬಿಡಿಸಿ ಹೇಳಿ. ಗ್ರೀಕ್ ಕವಿ ಹೋಮರನಲ್ಲಿ ಅದು ಕೆಂಪು ಬಣ್ಣದ್ದು, ದ್ರಾಕ್ಷಾರಸದಂತೆ ಬೆರೆಸಿ ಬಡಿಸುವಂಥದ್ದು. ಅಮೃತ ಎಂದುಬಿಟ್ಟರೆ ನಮ್ಮ ಓದುಗರ ಕಣ್ಣಿಗೆ ಸಮುದ್ರಮಥನ ಬರುತ್ತದೆ. ಇನ್ನೊಂದು ತೊಡಕೂ ಇದೆ. ದೇವತೆಗಳ ಆಹಾರವಾದ ‘ಆಂಬ್ರೋಸಿಯಾ’ ಅದೇ ಸಾಲಿನಲ್ಲಿ ಬಂದರೆ ಅದಕ್ಕೆ ಕೊಡಲು ಪದವೇ ಉಳಿಯುವುದಿಲ್ಲ.

ಪದದ ಹುಟ್ಟನ್ನು ವಿವರಿಸುವಾಗ ಹೆಚ್ಚಿನವರು ಎಡವುವುದೂ ಇಲ್ಲೇ. ಅಮೃತದ ನಿಜವಾದ ಒಡಹುಟ್ಟು ನೆಕ್ಟರ್ ಅಲ್ಲ, ಆಂಬ್ರೋಸಿಯಾ. ಎರಡರಲ್ಲೂ ಮೊದಲಿಗೆ ‘ಇಲ್ಲ’ ಎನ್ನುವ ‘ಅ’, ಆಮೇಲೆ ಸಾವಿನ ಧಾತು. ನಮ್ಮ ಮರಣ, ಮೃತ್ಯು ಬಂದದ್ದೂ ಅದರಿಂದಲೇ. ನೆಕ್ಟರ್ ಬೇರೆ ಮನೆಯದು. ಅದನ್ನು ಸಾಮಾನ್ಯವಾಗಿ ‘ನೆಕ್’ (ಸಾವು), ‘ತರ್’ (ದಾಟು) ಎಂದು ಬಿಡಿಸುತ್ತಾರೆ: ಸಾವನ್ನು ದಾಟಿಸುವುದು. ಮೊದಲ ಭಾಗವನ್ನು ಸಂಸ್ಕೃತದ ‘ನಾಶ’ದ ಪಕ್ಕದಲ್ಲಿಡಿ, ಎರಡನೆಯದನ್ನು ‘ದುಸ್ತರ’ದ ‘ತರ’ದ ಪಕ್ಕದಲ್ಲಿ, ನಂಟು ತಾನೇ ಕಾಣುತ್ತದೆ. ಆದರೆ ಇದು ಎಲ್ಲರೂ ಒಪ್ಪಿದ ವ್ಯುತ್ಪತ್ತಿಯಲ್ಲ. ಸೆಮಿಟಿಕ್ (ಹೀಬ್ರೂ, ಅರಬ್ಬಿ ಸೇರಿದ ಭಾಷಾ ಕುಟುಂಬ) ಮೂಲದ ವಾದವೂ ಇದೆ. ಆದ್ದರಿಂದ ‘ಎಂದು ಊಹಿಸುತ್ತಾರೆ’ ಎಂಬ ಮಾತನ್ನು ಬಿಡಬೇಡಿ.

ಅಂಗಡಿಯ ಡಬ್ಬಿಯ ಮೇಲಿನ ‘ಮ್ಯಾಂಗೋ ನೆಕ್ಟರ್’ಗೂ ಇದಕ್ಕೂ ಹೆಸರಿನ ನಂಟು ಮಾತ್ರ. ಅದು ಹಣ್ಣಿನ ರಸ ಅಥವಾ ತಿರುಳಿಗೆ ನೀರು, ಸಾಮಾನ್ಯವಾಗಿ ಸಕ್ಕರೆ ಸೇರಿಸಿದ ಪಾನೀಯ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಹಣ್ಣಿನ ಪಾಲು ಕನಿಷ್ಠ ಶೇ. 25ರಿಂದ 50 ಇರಬೇಕು. ಎಷ್ಟೆಂಬುದು ಹಣ್ಣಿನ ಮೇಲೆ ಹೋಗುತ್ತದೆ. ‘ಮಾವಿನ ಮಕರಂದ’ ಎಂದು ಬರೆದರೆ ಓದುಗರು ಮಾವಿನ ಹೂ ನೆನೆಯುತ್ತಾರೆ. ‘ನೆಕ್ಟರ್’ ಎಂದೇ ಇರಲಿ. ನೆಕ್ಟರಿನ್ ಎಂಬ ಹಣ್ಣೂ ಹಾಗೆಯೇ, ಅದು ಸಿಪ್ಪೆಯ ಮೇಲೆ ಜುಂಗಿಲ್ಲದ ಪೀಚ್.

ದುಂಬಿ, ಜೇನ್ನೊಣ, ಸೂರಕ್ಕಿ ಕುಡಿಯುತ್ತಿದ್ದರೆ ‘ಮಕರಂದ’. ಇಲ್ಲಿ ಆಗುವ ದೊಡ್ಡ ತಪ್ಪು, ಪರಾಗವನ್ನೂ ಮಕರಂದವನ್ನೂ ಅದಲುಬದಲು ಮಾಡುವುದು. ಅಮರಕೋಶ ಇವೆರಡನ್ನೂ ಅಕ್ಕಪಕ್ಕದಲ್ಲೇ ಇಟ್ಟು ಬೇರ್ಪಡಿಸಿದೆ: ಮಕರಂದ ಹೂವಿನ ರಸ, ಪರಾಗ ಹೂವಿನ ಧೂಳು. ಅನುಮಾನ ಬಂದರೆ ಗಿಡದ ಬಳಿ ಹೋಗಿ. ದಾಸವಾಳದ ನಡುದಂಡಿನ ತುದಿಗಿಂತ ತುಸು ಕೆಳಗೆ ಬೆರಳು ತಾಗಿಸಿದರೆ ಹಳದಿ ಪುಡಿ ಅಂಟುತ್ತದೆ, ಅದು ಪರಾಗ. ಕೇಪಳದ ಒಂದು ಹೂ ಕಿತ್ತು, ಒಳಗಿನ ಎಳೆಯನ್ನು ಬುಡದ ಕಡೆಯಿಂದ ಮೆಲ್ಲನೆ ಎಳೆದರೆ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಹನಿ ಹೊಳೆಯುತ್ತದೆ. ನಾಲಿಗೆಗೆ ಸಿಹಿ. ಮಕರಂದ ಅದೇ.

ಅದನ್ನು ‘ಜೇನುತುಪ್ಪ’ ಎನ್ನಬೇಡಿ. ಮಕರಂದ ತೆಳ್ಳಗಿನ ಸಕ್ಕರೆ ನೀರು. ನೊಣಗಳು ಗೂಡಿಗೆ ಒಯ್ದು, ಕಿಣ್ವ ಬೆರೆಸಿ, ರೆಕ್ಕೆಯ ಗಾಳಿಯಿಂದ ನೀರು ಆರಿಸಿದ ಮೇಲಷ್ಟೇ ಅದು ತುಪ್ಪವಾಗುತ್ತದೆ. ಪದ್ಯದಲ್ಲಿ ಮಕರಂದ ಭಾರವೆನಿಸಿದರೆ ಹಳೆಯ ‘ಬಂಡು’ ಇದೆ. ಬಂಡುಣಿ ಎಂದರೆ ಬಂಡನ್ನು ಉಣ್ಣುವ ದುಂಬಿ.