ಎರಡರ ಮೇಲೂ 20 ಮೆಗಾಪಿಕ್ಸೆಲ್, ಕೊಳ್ಳುವುದು ಯಾವುದನ್ನು?

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಅಂಗಿ ಜೇಬಿಗೆ ಹಿಡಿಸುವ ಕ್ಯಾಮೆರಾ ಯಾರಿಗೆ ಬೇಕು ಅನ್ನುವಿರಾ? ಮೊಬೈಲ್ ಒಯ್ಯಲು ಪರವಾನಗಿ ಇಲ್ಲದ ಹಾಸ್ಟೆಲ್ ಮಕ್ಕಳಿಗೆ ಬೇಕು. ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ನೂಕುನುಗ್ಗಲಿನಲ್ಲಿ ದುಬಾರಿ ಮೊಬೈಲನ್ನು ತಲೆ ಮೇಲೆತ್ತಿ ಹಿಡಿಯಲು ಜೀವ ಒಪ್ಪದವರಿಗೆ ಬೇಕು. ಹಳೆಯ ಡಿಜಿಟಲ್ ಕ್ಯಾಮೆರಾದ ಬಣ್ಣವೇ ಬೇರೆ ಎಂದು ಮನೆಯ ಕಪಾಟು ತಡಕಾಡುವ ಕಾಲೇಜು ಹುಡುಗ ಹುಡುಗಿಯರಿಗಂತೂ ಬೇಕೇ ಬೇಕು.

ಕಡಿಮೆ ದುಡ್ಡಿನಲ್ಲಿ ಹುಡುಕುವವರ ಎದುರಿಗೆ ಸಾಮಾನ್ಯವಾಗಿ ಬಂದು ನಿಲ್ಲುವ ಎರಡು ಹೆಸರು ಸೋನಿ ಸೈಬರ್‌ಶಾಟ್ ಡಬ್ಲ್ಯೂ830 ಮತ್ತು ಕ್ಯಾನನ್ ಇಕ್ಸಸ್ 185. ಈಗ ಎರಡೂ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗುತ್ತವೆ. ಯಾವುದು ಒಳ್ಳೆಯದು ಎಂದು ಕೇಳಿದರೆ ಅಂಗಡಿಯವರ ಉತ್ತರ ಸಿದ್ಧ: “ಎರಡೂ ಇಪ್ಪತ್ತ ಮೆಗಾಪಿಕ್ಸೆಲ್ ಅದಾವ್ರಿ, ಯಾವ್ದರ ಒಂದ ತಗೋರಿ.” ಆ ಮಾತು ಸುಳ್ಳಲ್ಲ. ಆದರೆ ವ್ಯತ್ಯಾಸ ಇರುವುದು ಮೆಗಾಪಿಕ್ಸೆಲ್‌ನಲ್ಲಲ್ಲ. ಅದು ಇರುವ ಜಾಗ ಬೇರೆ. ಅದನ್ನು ನೀವೇ ಪರೀಕ್ಷಿಸಿ ನೋಡುವ ಬಗೆ ಇಲ್ಲಿದೆ.

1. ಮೊದಲು ಡಬ್ಬಿ ಓದಿ, ಹೋಲುವುದನ್ನೆಲ್ಲ ಪಕ್ಕಕ್ಕಿಡಿ

ಎರಡರಲ್ಲೂ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಸಿಸಿಡಿ ಎಂಬ ಹಳೆಯ ಜಾತಿಯದು. ಅಳತೆಯೂ ಒಂದೇ, ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಫೋಟೊದ ಅಳತೆ ಎರಡರಲ್ಲೂ 5152 × 3864 ಪಿಕ್ಸೆಲ್. ವಿಡಿಯೊ ಎರಡರಲ್ಲೂ 720ಪಿ. ಹಿಂಬದಿಯ ಪರದೆ ಎರಡರಲ್ಲೂ 2.7 ಇಂಚು. ವೈಫೈ ಎರಡರಲ್ಲೂ ಇಲ್ಲ. ಇವಿಷ್ಟರ ಬಗ್ಗೆ ಇನ್ನು ತಲೆ ಕೆಡಿಸಿಕೊಳ್ಳಬೇಡಿ. ಸ್ಟುಡಿಯೊದಲ್ಲಿ ಹಾಕಿಸುವ 4 × 6 ಇಂಚಿನ ಪ್ರಿಂಟ್‌ಗೆ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಉಳಿದದ್ದು ಗೋಡೆಗೆ ದೊಡ್ಡ ಫೋಟೊ ಹಾಕಿಸುವವರಿಗೆ.

ಬೇರೆಯಾಗಿರುವುದು ಮೂರು. ಒಂದು, ಲೆನ್ಸ್ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು. ಎರಡರ ಮೇಲೂ 8 ಪಟ್ಟು ಜೂಮ್ ಎಂದು ಬರೆದಿರುತ್ತದೆ. ಆದರೆ ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸೋನಿಯದು 25ರಿಂದ 200 ಮಿ.ಮೀ., ಕ್ಯಾನನ್‌ನದು 28ರಿಂದ 224 ಮಿ.ಮೀ. ಈ ಸಂಖ್ಯೆ ಚಿಕ್ಕದಾದಷ್ಟೂ ಅಗಲ ಹಿಡಿಯುತ್ತದೆ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಎಂಟು ಪಟ್ಟು ಅಂದರೆ ಕೊನೆಯ ಸಂಖ್ಯೆಯನ್ನು ಮೊದಲ ಸಂಖ್ಯೆಯಿಂದ ಭಾಗಿಸಿದ್ದು, ಅಷ್ಟೇ. ಎಷ್ಟು ದೂರ ಕಾಣುತ್ತದೆ, ಎಷ್ಟು ಅಗಲ ಹಿಡಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಎರಡು, ಬ್ಯಾಟರಿ ಚಾರ್ಜ್ ಆಗುವ ರೀತಿ. ಅದಕ್ಕೆ ಮುಂದೆ ಬರೋಣ.

ಮೂರನೆಯದೇ ಮುಖ್ಯ. ಸೋನಿಯ ಲೆನ್ಸ್ ಒಳಗೆ ಕೈ ನಡುಕವನ್ನು ಸರಿದೂಗಿಸುವ ಗಾಜು ಇದೆ. ಕೈ ಅಲುಗಿದಾಗ ಅದು ಎದುರು ದಿಕ್ಕಿಗೆ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಇದಕ್ಕೆ ಆಪ್ಟಿಕಲ್ ಸ್ಟೆಬಿಲೈಸೇಶನ್ ಅನ್ನುತ್ತಾರೆ. ಇಕ್ಸಸ್ 185ರಲ್ಲಿ ಅದು ಇಲ್ಲ. ಅದರ ಅಣ್ಣ ಇಕ್ಸಸ್ 190ರಲ್ಲಿ ಇದೆ, ಹಾಗಾಗಿ ಕೊಳ್ಳುವಾಗ ಕೊನೆಯ ಅಂಕಿ ನೋಡಿಕೊಳ್ಳಿ. ಸೋನಿ ಬಂದದ್ದು 2014ರಲ್ಲಿ, ಕ್ಯಾನನ್ ಬಂದದ್ದು 2017ರಲ್ಲಿ. ಹೊಸದೇ ಮೇಲು ಎಂದು ಹೇಳಿ ಮಾರಲು ಬಂದವರಿಗೆ ಇದೊಂದನ್ನು ಕೇಳಿ ನೋಡಿ.

2. ಅಂಗಡಿಗೆ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ

16 ಜಿಬಿಯ ಒಂದು ಖಾಲಿ ಎಸ್‌ಡಿ ಕಾರ್ಡ್ ಸಾಕು. ಎರಡೂ ಕ್ಯಾಮೆರಾಗಳಿಗೆ ಅದನ್ನೇ ಹಾಕಿ ತೆಗೆಯಿರಿ, ನಡುವೆ ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ಕ್ಯಾನನ್ ತೆಗೆದ ಫೋಟೊಗಳ ಹೆಸರು ಐಎಂಜಿ ಎಂದೂ ಸೋನಿಯವು ಡಿಎಸ್‌ಸಿ ಎಂದೂ ಶುರುವಾಗುವುದರಿಂದ ಮನೆಗೆ ಬಂದ ಮೇಲೆ ಗೊಂದಲವಾಗದು. ಅಂಗಡಿಯ ಪರದೆಯಲ್ಲಿ ನೋಡಿ ತೀರ್ಮಾನಿಸುವುದು ಸಲ್ಲ, 2.7 ಇಂಚಿನಲ್ಲಿ ಎಲ್ಲ ಫೋಟೊವೂ ಚೆಂದವೇ.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ನೋಡಬೇಕಾದದ್ದು ಲೆನ್ಸ್ ಕೊಳವೆ. ಸ್ವಿಚ್ ಹಾಕಿ, ಆರಿಸಿ, ಮತ್ತೆ ಹಾಕಿ. ಜೂಮನ್ನು ಕೊನೆಯವರೆಗೆ ಒಯ್ದು ವಾಪಸ್ ತನ್ನಿ. ಕರಕರ ಸದ್ದು ಬಂದರೆ, ನಡುವೆ ತಡೆದು ನಿಂತರೆ, ಲೆನ್ಸ್ ದೋಷ ಎಂಬ ಬರಹ ಒಮ್ಮೆ ಕಂಡರೂ ಕೆಳಗಿಟ್ಟು ಬನ್ನಿ. ನಮ್ಮ ಎರೆ ಹೊಲದ ಸಣ್ಣ ದೂಳು ಈ ಕೊಳವೆಗಳ ಸಂದಿಗೆ ಸೇರಿದರೆ ಹೊರಗೆ ಬರುವುದಿಲ್ಲ. ರಿಪೇರಿಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಕ್ಯಾಮೆರಾ ಬರುತ್ತದೆ. ಆಮೇಲೆ ಜೂಮ್ ಪೂರ್ತಿ ಎಳೆದು ಬಿಳಿ ಗೋಡೆಯ ಫೋಟೊ ತೆಗೆಯಿರಿ. ಬೂದು ಚುಕ್ಕೆಗಳು ಕಂಡರೆ ದೂಳು ಸೆನ್ಸರ್‌ವರೆಗೂ ಹೋಗಿದೆ ಎಂದೇ ಅರ್ಥ. ಬ್ಯಾಟರಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟು ನೋಡಿ. ಊದಿದ ಬ್ಯಾಟರಿ ಗಿರಕಿ ಹೊಡೆಯುತ್ತದೆ.

ಒಂದು ವಿಷಯಕ್ಕೆ ಹೆದರಬೇಡಿ. ಸೂರ್ಯನಿಗೋ ಉರಿಯುವ ಬಲ್ಬಿಗೋ ಕ್ಯಾಮೆರಾ ಹಿಡಿದಾಗ ಪರದೆಯಲ್ಲಿ ಮೇಲಿಂದ ಕೆಳಗೆ ನೇರಳೆಯೋ ಬಿಳಿಯೋ ಪಟ್ಟೆ ಎದ್ದು ಕಾಣಬಹುದು. ಅದು ಸಿಸಿಡಿ ಸೆನ್ಸರ್‌ನ ಸ್ವಭಾವ. ವಿಡಿಯೊದಲ್ಲಿ ಉಳಿಯುತ್ತದೆ, ಫೋಟೊದಲ್ಲಿ ಬರುವುದಿಲ್ಲ. “ಇದು ಕೆಟ್ಟೈತಿ” ಎಂದು ಒಳ್ಳೆಯ ಕ್ಯಾಮೆರಾ ಬಿಟ್ಟು ಬಂದವರಿದ್ದಾರೆ.

3. ಎರಡಕ್ಕೂ ಒಂದೇ ಸೆಟಿಂಗ್

ಆಟೊ ಮೋಡ್‌ನಲ್ಲಿ ಹೋಲಿಸಿದರೆ ಕ್ಯಾಮೆರಾಗಳನ್ನಲ್ಲ, ಅವುಗಳ ಊಹೆಗಳನ್ನು ಹೋಲಿಸಿದಂತೆ. ಕೆಲವು ಸೆಟಿಂಗ್‌ಗಳನ್ನು ನಾವೇ ಆರಿಸಿಕೊಳ್ಳಬಹುದಾದ ಪ್ರೋಗ್ರಾಂ ಮೋಡ್ ಎರಡರಲ್ಲೂ ಇದೆ, ಅದಕ್ಕೆ ಹಾಕಿ. ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ ಸಂಖ್ಯೆಯನ್ನು 100ಕ್ಕೆ ಇಡಿ. ಫ್ಲ್ಯಾಶ್ ಬಂದ್ ಮಾಡಿ. ಡಿಜಿಟಲ್ ಜೂಮ್ ಕೂಡ ಬಂದ್ ಮಾಡಿ. ಕ್ಯಾನನ್‌ನಲ್ಲಿ ಜೂಮ್‌ಪ್ಲಸ್, ಸೋನಿಯಲ್ಲಿ ಕ್ಲಿಯರ್ ಇಮೇಜ್ ಜೂಮ್ ಎಂಬ ಹೆಸರಲ್ಲಿ 16 ಪಟ್ಟಿನವರೆಗೆ ಎಳೆಯುವುದು ಲೆನ್ಸ್ ಅಲ್ಲ, ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಲೆಕ್ಕಾಚಾರ. ಬಟನ್ ಅರ್ಧ ಒತ್ತಿ, ಫೋಕಸ್‌ನ ಹಸಿರು ಗುರುತು ಕಂಡ ಮೇಲೆ ಪೂರ್ತಿ ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

4. ಗೋಳಗುಮ್ಮಟಕ್ಕೆ ಒಯ್ಯಿರಿ

ಪರಿಚಯದ ಅಂಗಡಿಯಾದರೆ ಮುಂಗಡ ಇಟ್ಟುಕೊಂಡು ಅರ್ಧ ದಿನಕ್ಕೆ ಕೊಡುತ್ತಾರೆ. ಇಲ್ಲದಿದ್ದರೆ ಗೆಳೆಯರ ಹತ್ತಿರ ಒಂದು ಸಿಕ್ಕೇ ಸಿಗುತ್ತದೆ. ಕ್ಯಾಮೆರಾದ ಗುಣ ದೋಷ ಎರಡನ್ನೂ ಒಂದೇ ಆವರಣದಲ್ಲಿ ತೋರಿಸಿಕೊಡುವ ಜಾಗ ನಮ್ಮೂರಲ್ಲಿ ಇದಕ್ಕಿಂತ ಬೇರೆ ಇಲ್ಲ. ಅದೂ ಆಗದಿದ್ದರೆ ಅಂಗಡಿ ಬಾಗಿಲಲ್ಲಿ ನಿಂತು ರಸ್ತೆಯಾಚೆಯ ಬೋರ್ಡಿನ ಅಕ್ಷರಗಳ ಮೇಲೆ ಇದೇ ಪರೀಕ್ಷೆ ಮಾಡಬಹುದು.

ಮೊದಲು ಅಗಲ. ಮುಂದಿನ ಹುಲ್ಲುಹಾಸಿನಲ್ಲಿ ನಿಂತು, ಜೂಮ್ ಎಳೆಯದೆ, ಎರಡೂ ಬದಿಯ ಮಿನಾರುಗಳು ಚೌಕಟ್ಟಿನೊಳಗೆ ಬರುವ ಜಾಗ ಹುಡುಕಿ. ಸೋನಿಗೆ 50 ಮೀಟರ್ ದೂರ ಸಾಕಾದರೆ ಕ್ಯಾನನ್‌ಗೆ 56 ಮೀಟರ್ ಬೇಕು. ಬಯಲಲ್ಲಿ ಆರು ಮೀಟರ್ ಹಿಂದೆ ಸರಿಯುವುದೇನೂ ಕಷ್ಟವಲ್ಲ. ಆದರೆ ಮನೆಯ ಪಡಸಾಲೆಯಲ್ಲಿ ಸೀಮಂತದ ಫೋಟೊ ತೆಗೆಯುವಾಗ ಬೆನ್ನಿಗೆ ಗೋಡೆ ಬಂದಿರುತ್ತದೆ, ಕೊನೆಗೆ ನಿಂತ ಚಿಕ್ಕಮ್ಮನ ಅರ್ಧ ಮುಖ ಹೊರಗುಳಿಯುತ್ತದೆ. ಮನೆ ಮಂದಿಯ ಫೋಟೊವೇ ಹೆಚ್ಚು ತೆಗೆಯುವವರಿಗೆ 25 ಮಿ.ಮೀ. ದೊಡ್ಡ ಅನುಕೂಲ.

ಇಲ್ಲೇ ಬೆಳಕಿನ ಇನ್ನೊಂದು ಸಂಗತಿ. ಗುಮ್ಮಟ ಕಟ್ಟಿರುವುದು ಕಪ್ಪು ಬೂದು ಬಣ್ಣದ ಬಸಾಲ್ಟ್ ಕಲ್ಲಿನಲ್ಲಿ. ಕಲ್ಲು ಚೌಕಟ್ಟು ತುಂಬಿದಾಗ ಕ್ಯಾಮೆರಾ ಕತ್ತಲಿದೆ ಎಂದುಕೊಂಡು ಬೆಳಕು ಏರಿಸುತ್ತದೆ, ಮೇಲಿನ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಫೋಟೊದ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದೆರಡು ಹಂತ ಮೈನಸ್ ಕಡೆಗೆ ಇಳಿಸಿ ಎರಡರಲ್ಲೂ ತೆಗೆದು ನೋಡಿ. ಈ ಸೌಲಭ್ಯ ಎರಡರಲ್ಲೂ ಇದೆ. ಯಾವುದರ ಮೆನುವಿನಲ್ಲಿ ಅದು ನಿಮ್ಮ ಕೈಗೆ ಬೇಗ ಸಿಗುತ್ತದೆ ಎಂಬುದೇ ಇಲ್ಲಿ ಪರೀಕ್ಷೆ.

ಈಗ ದೂರ. ನಾಲ್ಕು ಮೂಲೆಯಲ್ಲಿ ಏಳು ಅಂತಸ್ತಿನ ಎಂಟು ಮೂಲೆಯ ಮಿನಾರುಗಳಿವೆಯಲ್ಲ, ಬಿಸಿಲು ಬೀಳದ ಬದಿಯ ಒಂದನ್ನು ಆರಿಸಿ. ಜೂಮ್ ಪೂರ್ತಿ ಎಳೆದು ಮೇಲಿನ ಅಂತಸ್ತಿನ ಕಮಾನು ಕಿಟಕಿಯ ಫೋಟೊ ತೆಗೆಯಿರಿ. ಪ್ರತಿ ಕ್ಯಾಮೆರಾದಲ್ಲೂ ಎರಡು ಬಗೆ: ಕೈಯಲ್ಲಿ ಹಿಡಿದು ಐದಾರು ಫೋಟೊ, ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು, 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ ಒಂದು ಫೋಟೊ.

ಈ ಎರಡನೆಯ ಬಗೆ ಯಾಕೆಂದರೆ, ಕಟ್ಟೆಯ ಮೇಲಿಟ್ಟ ಫೋಟೊ ಆ ಲೆನ್ಸ್‌ನ ನಿಜವಾದ ಶಕ್ತಿ ತೋರಿಸುತ್ತದೆ. ಕೈಯಲ್ಲಿ ಹಿಡಿದದ್ದು ಅದಕ್ಕಿಂತ ಎಷ್ಟು ಮಸುಕಾಗಿದೆಯೋ ಅಷ್ಟು ನಿಮ್ಮ ಕೈ ನಡುಕದ ಪಾಲು. ಹಳೆಯ ಫೋಟೊಗ್ರಾಫರ್‌ಗಳ ಒಂದು ಲೆಕ್ಕವಿದೆ: 200 ಮಿ.ಮೀ. ಲೆನ್ಸ್‌ಗೆ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ 200ನೇ ಒಂದು ಭಾಗಕ್ಕಿಂತ ನಿಧಾನವಾದರೆ ಕೈ ನಡುಕ ಫೋಟೊದಲ್ಲಿ ಕಾಣುತ್ತದೆ. ಜೂಮ್ ಪೂರ್ತಿ ಎಳೆದಾಗ ಈ ಪುಟ್ಟ ಲೆನ್ಸ್‌ಗಳ ಬಾಯಿ ಕಿರಿದಾಗುತ್ತದೆ. ಸೋನಿಯದು ಎಫ್ 6.3ಕ್ಕೆ, ಕ್ಯಾನನ್‌ನದು ಎಫ್ 6.9ಕ್ಕೆ ಇಳಿಯುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಕಿರಿದು). ನೆರಳಿನಲ್ಲಿ, ಐಎಸ್‌ಒ 100ರಲ್ಲಿ, ಶಟರ್ 100ನೇ ಭಾಗದ ಆಸುಪಾಸಿಗೆ ಬಂದುಬಿಡುತ್ತದೆ. ಅಲ್ಲಿ ಸೋನಿಯ ಸರಿಯುವ ಗಾಜು ಕೆಲಸಕ್ಕೆ ಬರುತ್ತದೆ. ಕ್ಯಾನನ್‌ನಲ್ಲಿ ಕಟ್ಟೆಯ ಮೇಲಿಟ್ಟದ್ದಕ್ಕೂ ಕೈಯಲ್ಲಿ ಹಿಡಿದದ್ದಕ್ಕೂ ಅಂತರ ಎದ್ದು ಕಾಣುತ್ತದೆ, ಕಲ್ಲಿನ ಸಂದುಗಳು ಜೋಡಿ ಗೆರೆಯಾಗಿಬಿಡುತ್ತವೆ. ಕಾಗದದ ಮೇಲೆ 224 ಮಿ.ಮೀ. ಹೆಚ್ಚು, ನಿಜ. ಅಲುಗಿದ 224ಕ್ಕಿಂತ ನಿಂತ 200 ವಾಸಿ.

ಆಮೇಲೆ ಒಳಗೆ. ಗುಮ್ಮಟದ ಒಳ ವ್ಯಾಸವೇ ಸುಮಾರು 38 ಮೀಟರ್. ಈ ಕ್ಯಾಮೆರಾಗಳ ಫ್ಲ್ಯಾಶ್ ಮೂರು ಮೀಟರ್ ಆಚೆಗೆ ಹೆಚ್ಚು ಉಪಯೋಗಕ್ಕೆ ಬಾರದು. ಆದರೂ ಪ್ರವಾಸಿಗರು ಫ್ಲ್ಯಾಶ್ ಹೊಡೆಯುತ್ತಲೇ ಇರುತ್ತಾರೆ, ಫೋಟೊದಲ್ಲಿ ಮುಂದಿನವರ ಹಿಂದಲೆ ಮಾತ್ರ ಬೆಳಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಳಸುವಂತಿಲ್ಲ. ಹಾಗಾಗಿ ಕೈಯೇ ಗತಿ. ಐಎಸ್‌ಒ 400ಕ್ಕೆ ಏರಿಸಿ, ಗೋಡೆಗೆ ಬೆನ್ನು ಕೊಟ್ಟು, ಮೊಣಕೈ ಪಕ್ಕೆಗೆ ಒತ್ತಿ ಹಿಡಿದು ತೆಗೆಯಿರಿ. ಐಎಸ್‌ಒ 800 ದಾಟಿದರೆ ಇಷ್ಟು ಸಣ್ಣ ಸೆನ್ಸರ್‌ನಲ್ಲಿ ಗೋಡೆಯ ಗಾರೆ ರವೆ ಚೆಲ್ಲಿದಂತೆ ಕಾಣುತ್ತದೆ. ಈ ದೋಷದಲ್ಲಿ ಇಬ್ಬರೂ ಸಮಾನರು.

ಹೊರಗೆ ಬಂದಾಗ ಟಾಂಗಾ ಕಂಡರೆ ಓಡುವ ಕುದುರೆಯದೂ ಒಂದು ಫೋಟೊ ಆಗಲಿ. ಗಾಜು ಸರಿದರೆ ನಿಲ್ಲುವುದು ನಿಮ್ಮ ಕೈ, ಕುದುರೆಯಲ್ಲ. ಎರಡೂ ಕ್ಯಾಮೆರಾ ಸೆಕೆಂಡಿಗೆ ಒಂದು ಫೋಟೊ ತೆಗೆಯುವಷ್ಟರಲ್ಲಿ ಸುಸ್ತಾಗುತ್ತವೆ. ಮಕ್ಕಳ ಕಬಡ್ಡಿ, ಬಂಡಿ ಓಟ ಇವೇ ನಿಮ್ಮ ವಿಷಯವಾದರೆ ಇವೆರಡನ್ನೂ ಬಿಟ್ಟು ನಿಮ್ಮ ಮೊಬೈಲನ್ನೇ ನಂಬಿ.

5. ಇಳಕಲ್ ಸೆರಗು

ಸಣ್ಣ ಕ್ಯಾಮೆರಾಗಳಿಗೆ ಕೆಂಪು ಬಣ್ಣ ಅಂದರೆ ಆಗಿಬರುವುದಿಲ್ಲ. ಮನೆಯಲ್ಲಿ ಇಳಕಲ್ ಸೀರೆ ಇದ್ದರೆ ಕೆಂಪು ಸೆರಗನ್ನು ಕಿಟಕಿಯ ಬೆಳಕಿಗೆ ಹರಡಿ, ಒಂದು ಮೀಟರ್ ದೂರದಿಂದ ತೆಗೆಯಿರಿ. ಸೆರಗಿನ ತೋಪು ತೆನಿ ವಿನ್ಯಾಸದ ಬಿಳಿ ಹಲ್ಲುಗಳು ಕೆಂಪಿನೊಳಗೆ ಚೂಪಾಗಿ ನಿಂತಿವೆಯೇ, ಕೆಂಪು ಬಿಳಿಯ ಅಂಚಿಗೆ ಹಬ್ಬಿದೆಯೇ, ನೂಲಿನ ಎಳೆ ಕಾಣುತ್ತದೆಯೇ ಅಥವಾ ಎಲ್ಲ ಸೇರಿ ಬಣ್ಣ ಬಳಿದ ಹಲಗೆಯಂತಾಗಿದೆಯೇ ನೋಡಿ. ಅದೇ ಸೀರೆಯನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಬಣ್ಣ ಹಸಿರಿಗೋ ಹಳದಿಗೋ ತಿರುಗಿದರೆ ದೀಪಕ್ಕೆ ತಕ್ಕಂತೆ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಬದಲಿಸಿ, ಎಷ್ಟು ಬೇಗ ಸರಿಹೋಗುತ್ತದೆ ಗಮನಿಸಿ. ಬಣ್ಣ ಅವರವರ ಕಣ್ಣಿಗೆ ಬಿಟ್ಟದ್ದು, ಇಲ್ಲಿ ನಾನು ಪಂಚಾಯ್ತಿ ಮಾಡುವುದಿಲ್ಲ.

6. ಬ್ಯಾಟರಿ ಲೆಕ್ಕ

ಕಂಪನಿಗಳ ಲೆಕ್ಕದಲ್ಲಿ ಎರಡೂ ಒಂದು ಚಾರ್ಜಿಗೆ ಸುಮಾರು 210 ಫೋಟೊ ತೆಗೆಯುತ್ತವೆ. ಹಳೆಯ ಬ್ಯಾಟರಿಯಿಂದ ಅಷ್ಟು ನಿರೀಕ್ಷಿಸಬೇಡಿ. ಸೋನಿಯಲ್ಲಿ ಬ್ಯಾಟರಿ ಕ್ಯಾಮೆರಾದೊಳಗೇ ಇದ್ದು ಮೈಕ್ರೊ ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುತ್ತದೆ. ಮನೆಯಲ್ಲಿ ಹಳೆಯ ಮೊಬೈಲಿನ ತಂತಿ, ಬಸ್ಸಿನಲ್ಲಿ ಪವರ್ ಬ್ಯಾಂಕ್, ಎಲ್ಲವೂ ನಡೆಯುತ್ತದೆ. ಆದರೆ ಅಲ್ಲಿಯವರೆಗೆ ಕ್ಯಾಮೆರಾಗೆ ರಜೆ. ಕ್ಯಾನನ್‌ನಲ್ಲಿ ಬ್ಯಾಟರಿ ತೆಗೆದು ಬೇರೆ ಚಾರ್ಜರ್‌ಗೆ ಹಾಕಬೇಕು. ಎರಡು ಬ್ಯಾಟರಿ ಇಟ್ಟುಕೊಂಡರೆ ಒಂದು ಚಾರ್ಜ್ ಆಗುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಸಂಕ್ರಾಂತಿಯಲ್ಲಿ ಬೆಳಿಗ್ಗೆ ನಂದಿಕೋಲಿನ ಮೆರವಣಿಗೆ, ನಡುವೆ ದನಗಳ ಜಾತ್ರೆ, ರಾತ್ರಿ ಮದ್ದು ಸುಡುವುದು ಎಲ್ಲ ತೆಗೆಯುವ ಉಮೇದಿದ್ದರೆ ಈ ಏರ್ಪಾಡೇ ಲೇಸು. ಸೆಕೆಂಡ್ ಹ್ಯಾಂಡ್ ಕ್ಯಾನನ್ ಕೊಳ್ಳುವಾಗ ಚಾರ್ಜರ್ ಜೊತೆಗೆ ಬರದಿದ್ದರೆ ಅದರ ಬೆಲೆ ಕಳೆದು ಚೌಕಾಶಿ ಮಾಡಿ.

ಸಿಡಿಮದ್ದಿಗೆ ಎರಡರಲ್ಲೂ ಪ್ರತ್ಯೇಕ ಮೋಡ್ ಇದೆ. ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಅಲ್ಲಿ ಯಾವ ಗಾಜೂ ಕಾಪಾಡದು, ಕ್ಯಾಮೆರಾವನ್ನು ಮಾಳಿಗೆಯ ಪ್ಯಾರಾಪೆಟ್ ಮೇಲೆ ಇಟ್ಟೇ ತೆಗೆಯಬೇಕು.

7. ಮನೆಯಲ್ಲಿ ಕೂತು ನೋಡುವಾಗ

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಇಲ್ಲವೇ ಒಟಿಜಿ ಕಾರ್ಡ್ ರೀಡರ್ ಮೂಲಕ ಮೊಬೈಲಿಗೆ ಜೋಡಿಸಿ. ಮಿನಾರಿನ ಫೋಟೊಗಳನ್ನು ಶೇ 100 ಗಾತ್ರಕ್ಕೆ ಹಿಗ್ಗಿಸಿ ಪಕ್ಕಪಕ್ಕ ಇಡಿ. ಒಂದು ಒಳ್ಳೆಯ ಫೋಟೊ ಆರಿಸಿ ಹೋಲಿಸಬೇಡಿ. ಕೈಯಲ್ಲಿ ಹಿಡಿದು ತೆಗೆದ ಐದಾರರಲ್ಲಿ ಎಷ್ಟು ಚೂಪಾಗಿವೆ ಎಂದು ಎಣಿಸಿ. ಜಾತ್ರೆಯಲ್ಲಿ ನಿಮಗೆ ಸಿಗುವುದು ಒಂದೇ ಅವಕಾಶ.

ಎರಡೂ ಒಂದೇ ಸ್ಥಿತಿಯಲ್ಲಿ, ಒಂದೇ ಬೆಲೆಗೆ ಸಿಕ್ಕರೆ ನಾನು ಸೋನಿಯನ್ನು ಹಿಡಿಯುತ್ತೇನೆ. ಕ್ಯಾನನ್‌ನ ಲೆನ್ಸ್ ಕೊಳವೆ ಸದ್ದಿಲ್ಲದೆ ಆಡುತ್ತಿದ್ದು ಸೋನಿಯದು ಕರಕರ ಅನ್ನುತ್ತಿದ್ದರೆ ಮೇಲೆ ಬರೆದದ್ದನ್ನೆಲ್ಲ ಬದಿಗಿಟ್ಟು ಕ್ಯಾನನ್ ಕೊಳ್ಳಿ. ಎರಡರಲ್ಲಿ ಯಾವುದೇ ತಂದರೂ ಅಂದೇ ತಾರೀಖು ಮತ್ತು ಹೊತ್ತು ಸರಿಪಡಿಸಿ, ಆಮೇಲೆ ಕಾರ್ಡನ್ನು ಅದೇ ಕ್ಯಾಮೆರಾದಲ್ಲಿ ಒಮ್ಮೆ ಫಾರ್ಮ್ಯಾಟ್ ಮಾಡಿಕೊಳ್ಳಿ.