ಮೇಲ್ ಸರ್ವರ್ ಬ್ಯಾಕಪ್ ವರ್ಷಗಟ್ಟಲೆ ಉಳಿಯಬೇಕೆ? ಹೀಗೆ ಮಾಡಿ

ನಿನ್ನೆ ಅಳಿಸಿಹೋದ ಮೇಲ್‌ಬಾಕ್ಸನ್ನು ಇಂದು ವಾಪಸ್ ತರುವುದು ಒಂದು ಕೆಲಸ. ಐದು ವರ್ಷದ ಹಿಂದಿನ ಮೇಲ್ ಬೇಕೆಂದು ಆಡಿಟರ್ ಕೇಳಿದಾಗ ಹುಡುಕಿ ಕೊಡುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಡಿಸ್ಕ್‌ನಲ್ಲಿ ಎರಡು ವಾರದ ಬ್ಯಾಕಪ್ ಇದ್ದರೆ ಸಾಕು. ಎರಡನೆಯದಕ್ಕೆ ಅದೇ ಬ್ಯಾಕಪ್ಪನ್ನು ಅಳಿಸದೆ ಪೇರಿಸಿಟ್ಟರೆ ಸಾಲದು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ಮತ್ತು ಅದರ ಜೊತೆಗೆ ಬಳಸುವ ಡೇಟಾ ಪ್ರೊಟೆಕ್ಷನ್ ಮ್ಯಾನೇಜರ್ ಎಂಬ ಬ್ಯಾಕಪ್ ತಂತ್ರಾಂಶ, ಅಂದರೆ ಡಿಪಿಎಂ, ಇಟ್ಟುಕೊಂಡು ವಿವರಿಸುತ್ತೇನೆ. ಬೇರೆ ತಂತ್ರಾಂಶದಲ್ಲಿ ಬಟನ್‌ಗಳ ಹೆಸರು ಬದಲಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಲೆಕ್ಕ

ಎಷ್ಟು ವರ್ಷ ಇಡಬೇಕೆಂಬುದನ್ನು ಸಿಸ್ಟಂ ಅಡ್ಮಿನ್ ಒಬ್ಬರೇ ತೀರ್ಮಾನಿಸಬಾರದು. ಕಾನೂನು ಮತ್ತು ಲೆಕ್ಕಪತ್ರ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ಏಳು ವರ್ಷ ಎಂದರು ಎಂದಿಟ್ಟುಕೊಳ್ಳಿ. ಪ್ರತಿ ವಾರದ ಪ್ರತಿಯನ್ನೂ ಏಳು ವರ್ಷ ಇಟ್ಟರೆ 364ಕ್ಕಿಂತ ಹೆಚ್ಚು ಪ್ರತಿಗಳಾಗುತ್ತವೆ. ಅದರ ಬದಲು ವಾರದ್ದು 4, ತಿಂಗಳಿನದು 12, ವರ್ಷದ್ದು 7 ಎಂದು ಇಟ್ಟರೆ ಒಟ್ಟು 23ರಲ್ಲಿ ಮುಗಿಯುತ್ತದೆ.

ಆದರೆ ಇಲ್ಲೊಂದು ತೂತಿದೆ. ಬಹಳ ಜನ ಗಮನಿಸುವುದೇ ಇಲ್ಲ. ಅಳಿಸಿದ ಮೇಲನ್ನು ಎಕ್ಸ್‌ಚೇಂಜ್ ತಾನಾಗಿ ಉಳಿಸಿಕೊಳ್ಳುವುದು 14 ದಿನ ಮಾತ್ರ. 2ನೇ ತಾರೀಕು ಬಂದ ಮೇಲನ್ನು 5ರಂದು ಅಳಿಸಿದರೆ 19ರ ಹೊತ್ತಿಗೆ ಅದು ಡೇಟಾಬೇಸ್‌ನಿಂದಲೇ ಹೋಗಿರುತ್ತದೆ. ತಿಂಗಳ ಕೊನೆಯ ಬ್ಯಾಕಪ್‌ನಲ್ಲಿ ಅದರ ಸುಳಿವೂ ಸಿಗದು. ಈ ಅವಧಿಯನ್ನು 35 ದಿನಕ್ಕೆ ಏರಿಸಿ, ‘ಸಿಂಗಲ್ ಐಟಂ ರಿಕವರಿ’ ಆಯ್ಕೆಯನ್ನೂ ಆನ್ ಮಾಡಿ. ಬಳಕೆದಾರರು ಕಸದ ಬುಟ್ಟಿಯನ್ನೇ ಖಾಲಿ ಮಾಡಿದರೂ ಆ ಮೇಲ್ ಒಂದಾದರೂ ತಿಂಗಳ ಪ್ರತಿಯಲ್ಲಿ ಸಿಕ್ಕಿಬೀಳುತ್ತದೆ. ಡೇಟಾಬೇಸ್ ಸ್ವಲ್ಪ ದಪ್ಪವಾಗುತ್ತದೆ, ಅಷ್ಟೆ. ಇದೇ ಕಾರಣಕ್ಕೆ, ವರ್ಷದ ಪ್ರತಿಯೊಂದನ್ನೇ ನಂಬಿದರೆ ನಡುವೆ ಬಂದು ಹೋದ ಮೇಲ್‌ಗಳು ಸಿಗುವುದಿಲ್ಲ. ಒಂದೂ ತಪ್ಪದಂತೆ ಎಲ್ಲ ಮೇಲ್ ಬೇಕೆಂದರೆ ಜರ್ನಲಿಂಗ್, ಅಂದರೆ ಬರುವ ಹೋಗುವ ಪ್ರತಿ ಮೇಲ್‌ನ ನಕಲನ್ನು ಆಗಲೇ ಬೇರೆಡೆ ಉಳಿಸುವ ವ್ಯವಸ್ಥೆ, ಹಾಕಿಸಿ. ಅದು ಬ್ಯಾಕಪ್‌ನಿಂದ ಆಗುವ ಕೆಲಸವಲ್ಲ.

ಪ್ರತಿ ತೆಗೆಯುವಾಗ

ಡೇಟಾಬೇಸ್‌ನ ಬದಲಾವಣೆಗಳನ್ನು ದಾಖಲಿಸುವ ಲಾಗ್ ಫೈಲ್‌ಗಳನ್ನು ಬ್ಯಾಕಪ್‌ಗೆ ಕಾಯದೆ ಅಳಿಸುವ ‘ಸರ್ಕ್ಯುಲರ್ ಲಾಗಿಂಗ್’ ಆಫ್ ಇದೆಯೇ ನೋಡಿ. ಆನ್ ಇದ್ದರೆ ಹಿಂದಿನ ಬ್ಯಾಕಪ್ ನಂತರ ಬದಲಾದದ್ದನ್ನಷ್ಟೇ ತೆಗೆಯುವ ಇನ್‌ಕ್ರಿಮೆಂಟಲ್ ಬ್ಯಾಕಪ್ ನಡೆಯುವುದಿಲ್ಲ. ಡೇಟಾಬೇಸ್‌ನ ಪ್ರತಿಗಳು ಹಲವು ಸರ್ವರ್‌ಗಳಲ್ಲಿದ್ದರೆ ಒಂದರಲ್ಲಿ ಮಾತ್ರ ಫುಲ್ ಬ್ಯಾಕಪ್, ಉಳಿದವುಗಳಲ್ಲಿ ಲಾಗ್ ಅಳಿಸದ ಕಾಪಿ ಬ್ಯಾಕಪ್ ಆರಿಸಿ. ಫುಲ್ ಬ್ಯಾಕಪ್ ಮುಗಿದ ಮೇಲೆ ಹಳೆಯ ಲಾಗ್‌ಗಳು ಅಳಿಯುತ್ತವೆ. ಎರಡು ತಂತ್ರಾಂಶಗಳು ಒಂದೇ ಡೇಟಾಬೇಸ್‌ನ ಲಾಗ್ ಅಳಿಸಲು ಹೊರಟರೆ ಎರಡರ ಸರಪಳಿಯೂ ತುಂಡಾಗುತ್ತದೆ.

‘ಎಸ್ಯುಟಿಲ್’ ತಪಾಸಣೆಯನ್ನು ಬಿಡಬೇಡಿ. ಡೇಟಾಬೇಸ್ ಒಳಗೊಳಗೇ ಕೆಟ್ಟಿದ್ದರೆ ಗೊತ್ತಾಗುವುದು ಇದರಿಂದಲೇ. ಈ ಉಪಕರಣ ಮತ್ತು ಅದರ ಡಿಎಲ್‌ಎಲ್ ಫೈಲನ್ನು ಮೇಲ್ ಸರ್ವರ್‌ನಿಂದ ಡಿಪಿಎಂ ಸರ್ವರ್‌ಗೆ ನಕಲು ಮಾಡಬೇಕು. ಮೇಲ್ ಸರ್ವರ್‌ಗೆ ಅಪ್‌ಡೇಟ್ ಹಾಕಿದಾಗೆಲ್ಲ ಇವನ್ನೂ ಬದಲಿಸಿ.

ಇನ್ನು ಡಿಪಿಎಂನಲ್ಲಿ ಪ್ರೊಟೆಕ್ಷನ್ ಗ್ರೂಪ್, ಅಂದರೆ ಒಂದೇ ನಿಯಮದಡಿ ಬ್ಯಾಕಪ್ ಆಗುವ ಡೇಟಾದ ಗುಂಪು, ರಚಿಸುವ ವಿಝಾರ್ಡ್. ಡೇಟಾಬೇಸ್‌ಗಳನ್ನು ಆರಿಸಿ, ಅಲ್ಪಾವಧಿಗೆ ಡಿಸ್ಕ್, ದೀರ್ಘಾವಧಿಗೆ ಟೇಪ್ ಅಥವಾ ಕ್ಲೌಡ್ ಎಂದು ಗುರುತಿಸಿ, ಮೇಲಿನ ಲೆಕ್ಕವನ್ನು ತುಂಬಿ. ಟೇಪ್‌ಗೆ 99 ವರ್ಷದವರೆಗೂ ಅವಧಿ ಕೊಡಬಹುದು, ಕೊಡಬಹುದೆಂದು ಕೊಡಬೇಡಿ. ವಾರದ ಪ್ರತಿಯನ್ನೂ ವರ್ಷದ ಪ್ರತಿಯನ್ನೂ ಒಂದೇ ಟೇಪ್‌ಗೆ ತುಂಬಬೇಡಿ. ಅದರಲ್ಲಿರುವ ಕೊನೆಯ ಪ್ರತಿಯ ಅವಧಿ ಮುಗಿಯುವವರೆಗೆ ಆ ಟೇಪ್ ಮರುಬಳಕೆಗೆ ಸಿಗುವುದಿಲ್ಲ.

ಎನ್‌ಕ್ರಿಪ್ಷನ್ ಹಾಕಿದ್ದರೆ ಸರ್ಟಿಫಿಕೇಟನ್ನು ಅದರ ಪ್ರೈವೇಟ್ ಕೀ ಸಮೇತ ಬೇರೆ ಜಾಗದಲ್ಲಿಡಿ. ಕ್ಲೌಡ್ ಬಳಸುವವರು ಪಾಸ್‌ಫ್ರೇಸ್ ಅನ್ನು ಕಾಗದದ ಮೇಲೆ ಬರೆದು ಲಾಕರ್‌ನಲ್ಲಿಡುವುದರಲ್ಲಿ ನಾಚಿಕೆಯೇನಿಲ್ಲ. ಅದು ಕಳೆದುಹೋದರೆ ಮೈಕ್ರೋಸಾಫ್ಟ್‌ನವರೂ ಡೇಟಾ ತೆರೆದುಕೊಡಲಾರರು.

ತೆರೆಯಲು ಬರಬೇಕು

ಹಳೆಯ ಪ್ರತಿಯನ್ನು ನೇರ ಚಾಲ್ತಿ ಡೇಟಾಬೇಸ್ ಮೇಲೆ ಇಳಿಸುವುದಲ್ಲ. ರಿಕವರಿ ಡೇಟಾಬೇಸ್ ಎಂಬ ಪ್ರತ್ಯೇಕ ಡೇಟಾಬೇಸ್ ರಚಿಸಿ, ಅದರಲ್ಲಿ ಇಳಿಸಿ, ಬೇಕಾದ ಮೇಲ್‌ಬಾಕ್ಸನ್ನಷ್ಟೇ ಹೊರತೆಗೆಯಬೇಕು. ತೊಡಕೆಂದರೆ, ಎಕ್ಸ್‌ಚೇಂಜ್ 2016ರ ಡೇಟಾಬೇಸನ್ನು 2019ರ ಸರ್ವರ್ ತೆರೆಯುವುದಿಲ್ಲ. ಈ ಎರಡೂ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಾಗಿ ಸರ್ವರ್ ಬದಲಿಸುವಾಗ ಹಳೆಯ ಆವೃತ್ತಿಯ ಇನ್‌ಸ್ಟಾಲರ್, ಕೊನೆಯ ಅಪ್‌ಡೇಟ್, ಆ ಕಾಲದ ಆ್ಯಕ್ಟಿವ್ ಡೈರೆಕ್ಟರಿಯ (ಬಳಕೆದಾರರ ಖಾತೆಗಳ ಪಟ್ಟಿ) ಬ್ಯಾಕಪ್ ಮೂರನ್ನೂ ತೆಗೆದಿಡಿ. ನೆಟ್‌ವರ್ಕ್‌ಗೆ ಸೇರಿಸದ ಒಂದು ವರ್ಚುವಲ್ ಯಂತ್ರ ಸಿದ್ಧವಿದ್ದರಂತೂ ಇನ್ನೂ ಒಳ್ಳೆಯದು.

ಟೇಪ್ ಡ್ರೈವ್‌ನದೂ ಇದೇ ಪಾಡು. ಬ್ಯಾಕಪ್ ಟೇಪ್‌ಗಳ ಎಲ್‌ಟಿಒ ಮಾದರಿಯಲ್ಲಿ 7ನೇ ತಲೆಮಾರಿನವರೆಗಿನ (ಎಲ್‌ಟಿಒ-7) ಡ್ರೈವ್‌ಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪ್ ಓದುತ್ತಿದ್ದವು. ಎಲ್‌ಟಿಒ-8 ಓದುವುದು ತನ್ನದನ್ನು ಮತ್ತು 7ನೆಯದನ್ನು ಮಾತ್ರ. ಎಲ್‌ಟಿಒ-6 ಟೇಪ್‌ಗಳು ಕಪಾಟಿನಲ್ಲಿದ್ದರೆ ಹಳೆಯ ಡ್ರೈವನ್ನು ಗುಜರಿಗೆ ಹಾಕುವ ಮೊದಲು ಅವನ್ನೆಲ್ಲ ಹೊಸ ಟೇಪ್‌ಗೆ ನಕಲು ಮಾಡಿ.

ವರ್ಷಕ್ಕೊಮ್ಮೆಯಾದರೂ ಇರುವುದರಲ್ಲೇ ಅತಿ ಹಳೆಯ ಪ್ರತಿಯನ್ನು ಆರಿಸಿ, ಒಂದು ಮೇಲ್‌ಬಾಕ್ಸ್ ತೆರೆದು ನೋಡಿ. ತಗುಲಿದ ಸಮಯ ಬರೆದಿಡಿ. ಅವಧಿ ಮುಗಿದ ಪ್ರತಿ ತಾನಾಗಿ ಅಳಿಯಲಿ, ‘ಇರಲಿ ಬಿಡಿ’ ಎಂದು ಹಿಡಿದಿಡಬೇಡಿ. ಆ ಮೇಲ್‌ಗಳಿಗೆ ಸಂಬಂಧಿಸಿ ಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಮಾತ್ರ ಅಳಿಸುವುದನ್ನು ತಡೆಯಿರಿ. ಆ ಆದೇಶವನ್ನೂ ಕಾನೂನು ವಿಭಾಗದಿಂದ ಬರಹದಲ್ಲೇ ಪಡೆಯಿರಿ, ಯಾವ ತಾರೀಕಿನವರೆಗೆ ಎಂಬುದು ಸೇರಿ.